ಮಿತಂಪಚ ಭವನ

ತೀರಿಕೊಂಡವರ ಅಂಕಣ ನೋಡಿಕೊಳ್ಳುತ್ತಿದ್ದುದರಿಂದ ಪತ್ರಿಕಾ ಕಚೇರಿಯಲ್ಲಿ ಅವನಿಗೆ 'ತೀರಿಕೊಂಡ ಸಾರ್' ಎಂದೇ ಹೆಸರು. "ತೀರಿಕೊಂಡ ಸಾರ್ ಕಾಫಿಗೆ ಹೋಗಿದಾರೆ" ಎಂದು ಜವಾನ ಹೇಳಿದರೆ ಹೊಸಬರು ಬೆಚ್ಚುತ್ತಿದ್ದರು. ಹಳಬರು ತಲೆ ಕೂಡ ಎತ್ತುತ್ತಿರಲಿಲ್ಲ.

ಸತ್ತವರ ಮನೆಯವರು ಅರ್ಜಿಯಲ್ಲಿ ತುಂಬಿ ಕೊಡುತ್ತಿದ್ದುದು ಎಲ್ಲರದ್ದೂ ಒಂದೇ: ಸರಳಜೀವಿ, ಪರೋಪಕಾರಿ, ಅಜಾತಶತ್ರು. ಇಷ್ಟೊಂದು ಅಜಾತಶತ್ರುಗಳು ಬಾಳಿಹೋದ ಊರಿನಲ್ಲಿ ನ್ಯಾಯಾಲಯಕ್ಕೆ ಮೂರನೆಯ ಮಹಡಿ ಏಕೆ ಬೇಕಾಯಿತೋ ದೇವರೇ ಬಲ್ಲ. ಇಪ್ಪತ್ತೆರಡು ವರ್ಷ ಈ ಸುಳ್ಳುಗಳಿಗೆ ಅಲ್ಪವಿರಾಮ ಹಾಕಿ ಹಾಕಿ ಅವನಿಗೆ ಬೇಸರ ಬಂದಿತ್ತು.

ಅವನನ್ನು ಉಳಿಸಿದ್ದು ರಟ್ಟು ಕಿತ್ತುಹೋದ ಒಂದು ಹಳೆಯ ನಿಘಂಟು. ಬೇರೆಯವರು ಪತ್ತೇದಾರಿ ಕಾದಂಬರಿ ಓದುವ ಹಾಗೆ ಅವನು ಅದನ್ನು ಓದುತ್ತಿದ್ದ. ಯಾರೂ ಬಳಸದ ಪದವೊಂದು ಸಿಕ್ಕರೆ ಅವತ್ತು ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೆದರಿ ದಿಕ್ಕುಗೆಟ್ಟು ಓಡುವವನಿಗೆ 'ಕಾಂದಿಶೀಕ' ಎನ್ನುತ್ತಾರೆಂದು ತಿಳಿದ ದಿನ ಖುಷಿ ತಡೆಯಲಾರದೆ ಹೆಂಡತಿಗೆ ಹೇಳಿದ. "ಗ್ಯಾಸ್ ಮುಗಿದಿದೆ, ಅದಕ್ಕೊಂದು ಫೋನ್ ಮಾಡಿ" ಎಂದಳು ಅವಳು.

ಆ ವಾರವೇ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ತೀರಿಕೊಂಡರು. ಗಲಾಟೆಯಾದಾಗಲೆಲ್ಲ ಜೀಪು ಹತ್ತಿ ಮನೆಗೆ ಹೋಗುತ್ತಿದ್ದವರು. 'ಇಲಾಖೆಯಲ್ಲಿ ಕಾಂದಿಶೀಕರೆಂದೇ ಹೆಸರಾಗಿದ್ದರು' ಎಂದು ಅವನು ಬರೆದ. ಮನೆಯವರು ಕಣ್ಣೊರೆಸಿಕೊಂಡು ಹತ್ತು ಪ್ರತಿ ಹೆಚ್ಚು ಕೊಂಡರು. ಅಂದಿನಿಂದ ಸತ್ತವರಿಗೆಲ್ಲ ಒಂದೊಂದು ಪದ ಸಲ್ಲತೊಡಗಿತು. ಬಾಯಿಬಡುಕ ರಾಜಕಾರಣಿಗೆ 'ವಾವದೂಕ', ತಿಂಡಿಪೋತ ಗುತ್ತಿಗೆದಾರನಿಗೆ 'ಘಸ್ಮರ'. ನಿಜ ಬರೆದ ತೃಪ್ತಿ ಅವನಿಗೆ, ದೊಡ್ಡ ಪದ ಸಿಕ್ಕ ತೃಪ್ತಿ ಅವರಿಗೆ. ಯಾರ ಕಣ್ಣಿಗೂ ಬೀಳದ ಈ ಕಳ್ಳಾಟದಲ್ಲಿ ಅವನು ಪರಮಸುಖಿಯಾಗಿದ್ದ.

ಹೀಗಿರುವಾಗ ಧಾನ್ಯದ ಸಗಟು ವ್ಯಾಪಾರಿ ತೀರಿಕೊಂಡ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ಅವನಿಗೆಂದೇ ಕಾದು ಕೂತಂತೆ ನಿಘಂಟಿನಲ್ಲಿ 'ಮಿತಂಪಚ' ಸಿಕ್ಕಿತು: ಅಳೆದು ಬೇಯಿಸುವವನು, ಕಡು ಜಿಪುಣ. ಗಡ್ಡ ಹೆರೆಯುತ್ತ ಅದನ್ನು ಮೂರು ಸಲ ಜೋರಾಗಿ ಹೇಳಿ ಕೆನ್ನೆ ಕೊಯ್ದುಕೊಂಡ. ಮರುದಿನ ಪತ್ರಿಕೆಯಲ್ಲಿ 'ಮಿತಂಪಚರೆಂದೇ ನಾಡಿಗೆ ಪರಿಚಿತರಾಗಿದ್ದ' ಎಂದು ಬಂತು.

ವರ್ಷ ತುಂಬುವ ಹೊತ್ತಿಗೆ ವ್ಯಾಪಾರಿಯ ಮಗ ಸಿಹಿಯ ಪೊಟ್ಟಣದೊಂದಿಗೆ ಕಚೇರಿಗೆ ಬಂದ. ಪ್ರತಿ ಭಾನುವಾರ ಮೊದಲ ಪುಟದ ಅರ್ಧ ಜಾಹೀರಾತು ಅವನದೇ ಆದ್ದರಿಂದ ಸಂಪಾದಕರು ಖುದ್ದಾಗಿ ಕುರ್ಚಿ ಎಳೆದು ಕೊಟ್ಟು, 'ತೀರಿಕೊಂಡ ಸಾರ್'ಗೆ ಹೇಳಿಕಳಿಸಿದರು.

"ಅಪ್ಪಾಜಿ ನೆನಪಿಗೆ ಸಭಾಭವನ ಕಟ್ಟಿಸಿದೀನಿ ಸಾರ್. ಹೆಸರು 'ಮಿತಂಪಚ ಭವನ'. ಕಲ್ಲಲ್ಲಿ ಕೆತ್ತಿಸ್ತೀನಿ. ಉದ್ಘಾಟನೆ ದಿನ ಅರ್ಥ ಕೇಳಿದ್ರೆ ಏನ್ ಹೇಳ್ಲಿ?"

"ಅಳತೆ ಬಲ್ಲವರು ಅಂತ" ಎಂದು ಅವನು ತೊದಲಿದ.

"ಅಪ್ಪಾಜಿನೇ ಎದುರು ನಿಂತಂಗಾಯ್ತು ನೋಡಿ!" ಎಂದು ಮಗ ಅವನ ಕೈ ಹಿಡಿದು ಕುಲುಕಿದ.

ನಿಘಂಟು ತೆರೆಯುವ ಒಬ್ಬನೇ ಒಬ್ಬ ಮೇಷ್ಟರು ಆ ಭವನದ ಮುಂದೆ ಹಾದುಹೋದರೆ ಸಾಕು, ತನ್ನ ನೌಕರಿ ಮುಗಿಯಿತು. ನಿವೃತ್ತಿಗೆ ಇನ್ನೂ ಆರು ವರ್ಷವಿತ್ತು. ಅವನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಉದ್ಘಾಟನೆಗೆ ನಾಲ್ಕು ದಿನವಿದೆ ಎನ್ನುವಾಗ, ಎಲ್ಲರೂ ಊಟಕ್ಕೆ ಎದ್ದ ಹೊತ್ತಿನಲ್ಲಿ, ವ್ಯಾಪಾರಿಯ ಹೆಂಡತಿ ಒಬ್ಬಳೇ ಬಂದಳು. ಕಡ್ಡಿಯಂಥ ಮುದುಕಿ. ಕೈಯಲ್ಲಿ ಪತ್ರಿಕೆಯ ತುಣುಕು.

"ಇದು ಬರೆದೋರು ನೀವೇನಪ್ಪಾ?"

"ಹೌದಮ್ಮ."

"ಎರಡು ಬಸ್ ಬದಲಾಯಿಸಿ ದೊಡ್ಡ ಲೈಬ್ರರಿಗೆ ಹೋಗಿದ್ದೆ. ಅಲ್ಲಿರೋ ಹುಡುಗಿ ಪುಸ್ತಕ ತೆಗೆದು ಅರ್ಥ ಓದಿ ಹೇಳಿದ್ಲು."

ಅವನು ಎದ್ದು ನಿಂತ. ಕೈಮುಗಿಯುವುದೋ ಕಾಲು ಹಿಡಿಯುವುದೋ ತಿಳಿಯಲಿಲ್ಲ. "ತಪ್ಪಾಯ್ತಮ್ಮ. ಮಗನಿಗೆ ನಾನೇ ಹೇಳ್ತೀನಿ, ಹೆಸರು ಬದಲಾಯಿಸೋಣ."

"ಯಾಕೆ ಬದಲಾಯಿಸ್ತೀರಿ? ಇನ್ನೊಂದಿಷ್ಟು ದೊಡ್ಡಕ್ಷರದಲ್ಲಿ ಕೆತ್ತಿಸು ಅಂತ ಅವನಿಗೆ ಹೇಳೇ ಬಂದಿದೀನಿ." ಮುದುಕಿ ಕುರ್ಚಿಯ ತುದಿಯಲ್ಲಿ ಕೂತಳು. "ಐವತ್ತೆರಡು ವರ್ಷ, ಮನೆ ತುಂಬ ಅಕ್ಕಿ ಮೂಟೆ. ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲಿ. ದಿನಾ ಬೆಳಿಗ್ಗೆ ಡಬ್ಬಿಯಲ್ಲಿ ಅಳೆದು, ಮೇಲೆ ಬೆರಳಾಡಿಸಿ ಮಟ್ಟ ಮಾಡಿ ಕೊಡೋರು. ಅವರು, ಮಕ್ಕಳು ಉಂಡ ಮೇಲೆ ತಳದಲ್ಲಿ ಉಳಿದದ್ದು ನಂಗೆ. ಇಂಥದ್ದು ನನ್ನೊಬ್ಬಳ ಹಣೆಬರಹ ಅಂದ್ಕೊಂಡಿದ್ದೆ. ಇದಕ್ಕೂ ಒಂದು ಹೆಸರಿದೆ ಅಂತ ಗೊತ್ತಾದಾಗ ಎಷ್ಟು ಸಂತೋಷ ಆಯ್ತು ಗೊತ್ತಾ? ಬಸ್ಸಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳ್ಕೊಂಡು ಬಂದೆ."

ಅವನಿಗೆ ಕೆಲಸ ಉಳಿಯಿತೆಂಬ ಸಮಾಧಾನಕ್ಕಿಂತ ಮೊದಲು ಬಂದದ್ದು ನಾಚಿಕೆ. ಇಷ್ಟು ದಿನ ಅವನು ಆ ಪದವನ್ನು ಚಪ್ಪರಿಸಿದ್ದನೇ ಹೊರತು, ಅದರ ಮನೆಯೊಳಗೆ ಯಾರು ಕೂತಿದ್ದಾರೆಂದು ಯೋಚಿಸಿರಲಿಲ್ಲ.

"ಅಳೆದು ಬೇಯಿಸೋನಿಗೆ ಪದ ಇದೆಯಲ್ಲ, ಅದನ್ನ ಉಂಡ್ಕೊಂಡು ಸುಮ್ಮನಿದ್ದೋಳಿಗೆ ಏನಂತಾರೆ? ನೋಡಿ ಹೇಳಿ."

ಅವನು ನಿಘಂಟು ತೆರೆದ. ಬಹಳ ಉಣ್ಣುವವನಿಗೆ ಪದವಿತ್ತು, ಬೇರೆಯವರ ಮನೆಯಲ್ಲಿ ಉಣ್ಣುವವನಿಗಿತ್ತು, ಉಂಡು ಮಲಗುವವನಿಗೂ ಒಂದಿರಬಹುದೆಂಬ ಅನುಮಾನ ಬಂತು. ಮುದುಕಿ ಅವನ ಬೆರಳನ್ನೇ ನೋಡುತ್ತ ಕೂತಿದ್ದಳು.

"ಇಲ್ಲಮ್ಮ" ಎಂದ ಕೊನೆಗೆ.

"ಇರಲ್ಲ ಬಿಡಿ. ಅದನ್ನ ಬರೆದ ಪುಣ್ಯಾತ್ಮ ಹೊಟ್ಟೆ ತುಂಬ ಉಂಡೇ ಬರೆಯೋಕೆ ಕೂತಿರ್ತಾನೆ" ಎಂದು ಅವಳು ನಕ್ಕಳು.

ಅವನು ಮೇಜಿನ ಖಾನೆಯಿಂದ ತನ್ನ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಚಮಚದೊಂದಿಗೆ ಅವಳ ಮುಂದೆ ಸರಿಸಿ, "ಊಟ ಮಾಡಿ ಅಮ್ಮ" ಎಂದ.

ಮುದುಕಿ ಚಮಚ ಎತ್ತಿಕೊಂಡು ಡಬ್ಬಿಯೊಳಗೆ ಇಣುಕಿದಳು. ಆಮೇಲೆ ಅವನ ಮುಖ ನೋಡಿ ಕೇಳಿದಳು:

"ಎಷ್ಟು ತಗೊಳ್ಳಲಿ?"