ಹತ್ತಿರದ ನಳಿಗೆ

ಕೂಗಿತು, ಪೊದೆಯ ಆಚೆಯೇ ಇರಬೇಕು, ಕೌಜುಗ ಹಕ್ಕಿಯೇ, ಇನ್ನೊಂದು ಸಲ ಕೂಗಿದರೆ ಎಷ್ಟು ದೂರವೆಂದು ಹೇಳಿಬಿಡಬಹುದು — ಜೋಗಪ್ಪ ಸಿದ್ದಾಪುರದ ಬಂಡೆಗಳ ಸಂದಿನಲ್ಲಿ ಮೊಣಕಾಲೂರಿ ಕುಳಿತೇ ಇದ್ದಾನೆ, ಬಂಡೆ ಆಗಲೇ ಬಿಸಿಲಿಗೆ ಕಾಯುತ್ತಿದೆ, ತೊಡೆಯ ಮೇಲೆ ತಳಕಿನ ತಿಪ್ಪೇರುದ್ರಪ್ಪನವರ ಜೋಡು ನಳಿಗೆ ಕೋವಿ, ಜೋಳದ ಹೊಲಕ್ಕೆ ನುಗ್ಗುವ ಹಂದಿಯನ್ನು ಬೆದರಿಸಲೆಂದು ಅವರು ಇಟ್ಟುಕೊಂಡದ್ದು, ಲಿಂಗ ಕಟ್ಟಿದವರು, ಬೇಟೆ ಅವರಿಗಾಗದು, ಕೊಂದ ಪಾಪ ನಿಂದು ಕೋವಿ ಮಾತ್ರ ನಂದು ಕಣಲೇ ಜೋಗ ಅಂತ ನಕ್ಕು ಕೊಟ್ಟರು, ಮರೀಬ್ಯಾಡ, ಬಲಗಡೆ ನಳಿಗೆ ಬಾಯಿ ಸಡ್ಲ ಐತೆ, ಚರೆ ಗುಂಡು ಹರಡ್ತವೆ, ಹತ್ರದ್ದಕ್ಕೆ ಅದು, ಎಡಗಡೇದು ಬಿಗಿ, ಚರೆ ಒತ್ತಟ್ಟಿಗೆ ಹೋಗ್ತವೆ, ದೂರಕ್ಕೆ, ಗುಂಡು ಹಾರ್ಸೋ ಕುದುರೆ ಎರಡವೆ, ಮುಂದಿನ ಕುದುರೆಗೆ ಬೆರಳು ಹಾಕಿದ್ರೆ ಬಲ, ಹಿಂದಿಂದಕ್ಕೆ ಹಾಕಿದ್ರೆ ಎಡ. ಮರೆಯುತ್ತಾನೆಯೇ, ಒಂದು ಸಲ ಮರೆತದ್ದೇ ಸಾಲದೇ.

ಆಗ ಹೆಂಡತಿ ಕಾಟಮ್ಮನಿಗೆ ಬಸಿರ ಬಯಕೆ, ಬೇರೆಯವರ ಮನೆಯಾಗಿದ್ದರೆ ಒಂದು ಕೋಳಿ ಕೊಯ್ದು ಮುಗಿಸುತ್ತಿದ್ದರು, ಮ್ಯಾಸಬೇಡರ ಹೊಸ್ತಿಲು ಕೋಳಿ ದಾಟುವ ಹಾಗಿಲ್ಲ, ಕುಲದ ಕಟ್ಟು, ನಂಗೆ ಕೌಜುಗ ಬೇಕು ಅಂತ ಮುಖ ಊದಿಸಿದ್ದಳು, ಇವನೋ ಓಡಿದ, ಹಕ್ಕಿ ಕಾಲ ಬುಡದಲ್ಲೇ ಎದ್ದಿತು, ಅವಸರಕ್ಕೆ ಬೆರಳು ಹಿಂದಿನ ಕುದುರೆಗೆ ಹೋಯಿತು — ಅಷ್ಟು ಹತ್ತಿರಕ್ಕೆ ಬಿಗಿ ನಳಿಗೆ, ಅರ್ಧ ಹಕ್ಕಿ ಚಿಂದಿ, ಉಳಿದದ್ದರಲ್ಲಿ ಮಾಂಸಕ್ಕಿಂತ ಸೀಸ ಹೆಚ್ಚು, ಆದರೂ ಸಾರು ಮಾಡಿದಳು, ಮುದ್ದೆ ಮುರಿದಳು, ಕಟಕ್ ಎಂದಿತು, ಹಲ್ಲು ಹೋಯಿತೇನೋ ಎಂದು ಇವನ ಜೀವ ಹಾರಿತು, ಅವಳು ಎರಡು ಬೆರಳು ಬಾಯಿಗೆ ಹಾಕಿ ತೆಗೆದು ಇವನ ಅಂಗೈ ಮೇಲಿಟ್ಟಳು, ಒದ್ದೆ, ಬೆಚ್ಚಗೆ, ಚರೆಯ ಕರೀ ಕಾಳು, ಹತ್ರ ಇರೋದಕ್ಕೆ ದೂರದ ನಳಿಗೆ ಹಚ್ಚೀಯಲ್ಲ, ನಾನೆಲ್ಲಿದೀನಿ ಅಂತನಾದ್ರೂ ಗೊತ್ತಾ ನಿಂಗೆ, ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಗೊತ್ತಿರಲಿಲ್ಲ. ಪ್ಲೇಗು ಬಂದು ಊರೆಲ್ಲ ಬಯಲಲ್ಲಿ ಗುಡ್ಲು ಹಾಕಿದಾಗ ಕೂಸು ಹುಟ್ಟಿತು, ಹುಟ್ಟಿದ್ದು ಉಳಿಯಲಿಲ್ಲ, ಮಣ್ಣು ಮಾಡಿ ಬಂದವನು ಗುಡ್ಲೊಳಗೆ ಹೋಗಿ ಅವಳ ಪಕ್ಕ ಕೂರಬೇಕಿತ್ತು, ಕೂತಿದ್ದರೆ ಸಾಕಿತ್ತು, ಹೋಗಲಾಗಲಿಲ್ಲ, ಅವಳ ಮುಖ ನೋಡುವ ಎದೆ ಇರಲಿಲ್ಲ, ಗುಡ್ಡ ಹತ್ತಿದ, ಇಳಿಯುವ ಹೊತ್ತಿಗೆ ಅವಳು ಬಿ.ಜಿ. ಕೆರೆಯ ತವರು ಸೇರಿದ್ದಳು. ಎರಡು ಸುಗ್ಗಿ ಹೋದವು. ರಾತ್ರಿ ಹೊದಿಕೆ ಎಳೆಯುವಾಗ ಕೈ ಈಗಲೂ ಆ ಕಡೆ ಚಾಚುತ್ತದೆ. ನಿನ್ನೆ ತಳಕಿನ ಸಂತೆಯಲ್ಲಿ ಅತ್ತೆ ಸೂರಮ್ಮ, ಮುಖ ಆ ಕಡೆ ತಿರುಗಿಸಿಕೊಂಡೇ ಹೇಳಿದಳು, ಕಾಟಮ್ಮ ಜ್ವರ ಬಂದು ಎದ್ದವಳೆ, ಬಾಯಿಗೆ ಏನೂ ಸೇರಾಕಿಲ್ಲ, ಕೌಜುಗದ ಸಾರು ಅಂದ್ಲು, ತಂದ್ರೆ ನೀನೇ ತಗಂಬಾ, ನಿನ್ ಹಿಂದೆ ಬರೋದು ಬಿಡೋದು ಅವಳಿಗೆ ಬಿಟ್ಟಿದ್ದು.

ಬಂತು, ಬೂದು ಕತ್ತು, ಓಡಿ ನಿಂತಿತು, ಇಲ್ಲೇ, ಉಗುಳಿದರೆ ತಾಗುವಷ್ಟು ಹತ್ತಿರ, ಬೆರಳು ಮತ್ತೆ ಹಿಂದಕ್ಕೇ ಹೊರಟಿತಲ್ಲ, ಥೂ, ಮುಂದಿನದು, ಮುಂದಿನದು, ಈಗಲೇ ಬೇಡ, ಹೋಗು ತಾಯಿ, ಇನ್ನೊಂದಿಷ್ಟು ಆಚೆ ಹೋಗು — ಬಲ ನಳಿಗೆ ಢಂ ಎಂದಿತು, ಗುಡ್ಡ ತಿರುಗಿ ಹೇಳಿತು, ಹಕ್ಕಿ ಇಡಿಯಾಗಿ ಬಿದ್ದಿತ್ತು, ಒಂದು ರೆಕ್ಕೆಯೂ ಹರಿದಿರಲಿಲ್ಲ. ಅಲ್ಲೇ ಕೂತು ಪುಕ್ಕ ತರಿದ, ಚಾಕುವಿನ ಮೊನೆಯಿಂದ ಚರೆ ಕೀಳುತ್ತಾನೆ, ತೊಡೆಯದು, ಬೆನ್ನಿನದು, ರೆಕ್ಕೆ ಸಂದಿನದು, ಜ್ವರದಿಂದ ಎದ್ದವಳ ಹಲ್ಲು, ಒಂದೂ ಉಳಿಯಬಾರದು, ಎದೆಯ ಹತ್ತಿರ ಬೆರಳಿಗೆ ಇನ್ನೊಂದು ಸಿಕ್ಕಿತು, ಚಾಕು ಇಟ್ಟ, ತೆಗೆದ, ಮತ್ತೆ ಇಟ್ಟ — ಬೈದಾಳು, ಉಗಿದಾಳು, ಎದ್ದು ಒಳಗೆ ಹೋದಾಳು, ಇಲ್ಲ ಅಂದರೆ, ಇಲ್ಲ ಅಂದರೆ ಅವತ್ತಿನ ಹಾಗೆ — ಚರ್ಮ ಎಳೆದು ಮುಚ್ಚಿದ, ಆ ಒಂದನ್ನು ಅಲ್ಲೇ ಬಿಟ್ಟ, ಹಕ್ಕಿಯನ್ನು ಟವೆಲಿನಲ್ಲಿ ಕಟ್ಟಿ ಬಿ.ಜಿ. ಕೆರೆಯ ದಾರಿ ಹಿಡಿದಿದ್ದಾನೆ, ಕೋವಿ ಎಡ ಹೆಗಲಿಗೆ, ಬಲಗೈ ಸುಮ್ಮನೆ ತೆರೆದೇ ಇದೆ, ಎರಡು ಬೆರಳು, ಒದ್ದೆ, ಬೆಚ್ಚಗೆ, ಅಂಗೈ ಮೇಲೆ ಒಂದು ಕರೀ ಕಾಳು.