ಒಂಬತ್ತೂವರೆ ಅಂಕದ ಬೇಸ್

ನಮ್ಮವರದು ತಕ್ಕಡಿ ತಪಾಸಣೆಯ ಕೆಲಸ. ಅಂಗಡಿ ಅಂಗಡಿಗೆ ಹೋಗಿ ತೂಕದ ಯಂತ್ರ ಸರಿಯಿದೆಯೇ ಎಂದು ನೋಡಿ ಮುದ್ರೆ ಒತ್ತುತ್ತಾರೆ. ಇವರು ಒಳಗೆ ಕಾಲಿಟ್ಟರೆ ಸಾಕು, ಅಂಗಡಿಯವರು ಎದ್ದು ನಿಲ್ಲುತ್ತಾರಂತೆ. ಹಾಗಂತ ಇವರೇ ಹೇಳಿದ್ದು. ಮನೆಯಲ್ಲಿ ಎದ್ದು ನಿಲ್ಲುವವರು ಯಾರೂ ಇಲ್ಲವಾದ್ದರಿಂದಲೇ ಇವರಿಗೆ ಹೆಡ್‌ಫೋನಿನ ಹುಚ್ಚು ಹಿಡಿಯಿತು ಎಂಬುದು ನನ್ನ ಅನುಮಾನ.

ಹೆಡ್‌ಫೋನ್ ಇರುವುದು ಹಾಡು ಕೇಳುವುದಕ್ಕೆ ಎಂದು ನಾನು ತಿಳಿದಿದ್ದೆ. ಅಲ್ಲವಂತೆ, ಅಂಕ ಕೊಡುವುದಕ್ಕಂತೆ. ಇವರೂ ಇವರ ಸ್ನೇಹಿತ ಹಲ್ಲಿನ ಡಾಕ್ಟರೂ ಸೇರಿ 'ಕಿವಿ ಬಳಗ' ಎಂದು ಕಟ್ಟಿಕೊಂಡಿದ್ದಾರೆ, ಒಟ್ಟು ಏಳು ಮಂದಿ. ಭಾನುವಾರ ಮಧ್ಯಾಹ್ನ ಕೂತು ಒಂದೇ ಹಾಡಿನ ಅದೇ ಅರ್ಧ ನಿಮಿಷವನ್ನು ನಲವತ್ತು ಸಲ ಕೇಳುತ್ತಾರೆ. ಆಮೇಲೆ ನೀಲಿ ರಟ್ಟಿನ ಪುಸ್ತಕದಲ್ಲಿ ಹತ್ತಕ್ಕೆ ಇಷ್ಟು ಎಂದು ಬರೆಯುತ್ತಾರೆ. ಅದರಲ್ಲೂ ಬೇಸ್ ಎಂದರೆ, ಅಂದರೆ ಹಾಡಿನ ತಳದಲ್ಲಿ ಗುಂಯ್ ಎನ್ನುವ ದಪ್ಪ ಸದ್ದು ಎಂದರೆ, ಇವರಿಗೆ ಪ್ರಾಣ. ಅದು ಸಡಿಲವಾಯಿತು, ಬಿಗಿಯಾಯಿತು, ಒಣಗಿತು ಎಂದೆಲ್ಲ ಮಾತಾಡಿಕೊಳ್ಳುವಾಗ ಇವರು ಒಗೆದು ಹರವಿದ ಬಟ್ಟೆಯ ವಿಷಯ ಹೇಳುತ್ತಿದ್ದಾರೇನೋ ಎನ್ನಿಸುತ್ತದೆ.

ಬಟ್ಟೆಯ ವಿಷಯ ನನಗೆ ಗೊತ್ತು. ನಾನು ಹೊಲಿಗೆಯವಳು. ಅಂಗಿ ಗಿಂಗಿ ಅಲ್ಲ. ಪರದೆ, ಸೋಫಾ ಹೊದಿಕೆ, ಹೀಗೆ ದಪ್ಪ ಬಟ್ಟೆಯ ಕೆಲಸ. ಮೋಟಾರಿನ ದೊಡ್ಡ ಮಿಷನ್ ನಡುಮನೆಯ ಪಕ್ಕದ ಕೋಣೆಯಲ್ಲಿದೆ. ನಮ್ಮದು ಮಹಡಿ ಮನೆ, ಹಲಗೆಯ ನೆಲ. ಕಿಟಕಿಯ ಬೆಳಕು ನೇರವಾಗಿ ಸೂಜಿಯ ಮೇಲೆ ಬೀಳುವಂತೆ ಇಪ್ಪತ್ತೆರಡು ವರ್ಷದ ಹಿಂದೆ ನಾನೇ ಜಾಗ ನೋಡಿ ಮಿಷನ್ ಇಡಿಸಿದ್ದೆ. ಈ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇರುವುದು ಆ ಕೋಣೆ ಒಂದೇ. ಅಲ್ಲಿ ನಡೆಯುವ ಕೆಲಸವನ್ನು ಇವರು ಕರೆಯುವುದು "ನಿನ್ನ ಗಡಗಡ" ಎಂದು.

ಹೋದ ತಿಂಗಳು ಹೊಸ ಹೆಡ್‌ಫೋನ್ ಬಂತು. ಹಿಂಬದಿಗೆ ಜಾಲರಿ, ಕಿವಿಗೆ ಮೆತ್ತೆ. ಫೋನಿಗೆ ಸಿಕ್ಕಿಸಿ ಕೇಳಿದರೆ ಸೊಳ್ಳೆ ಹಾಡಿದ ಹಾಗಿತ್ತು. ಇವರ ಮುಖ ಸಪ್ಪಗಾಯಿತು.

"ಇದು ಮುನ್ನೂರು ಓಮ್ ಹೆಡ್‌ಫೋನ್ ಸಾರ್, ಫೋನಿಗೆಲ್ಲ ಬಗ್ಗಲ್ಲ. ತಕ್ಕ ಆಂಪ್ಲಿಫೈಯರ್ ಬೇಕು," ಎಂದರು ಡಾಕ್ಟರು.

"ದಪ್ಪ ಬಟ್ಟೆಗೆ ಸಣ್ಣ ಸೂಜಿ ಹಾಕಿದ ಹಾಗೆ ಆಯ್ತಲ್ವಾ? ಸೂಜಿ ನಂಬರ್ ಬದಲಾಯಿಸ್ಬೇಕು," ಎಂದೆ ನಾನು.

ಇವರು ಡಾಕ್ಟರ ಮುಖ ನೋಡಿ ನಕ್ಕರು. "ಇದು ಸ್ವಲ್ಪ ಬೇರೆ ವಿಷಯ ಕಣೇ. ಟೀ ಆಯ್ತಾ ನೋಡು."

ಆಂಪ್ಲಿಫೈಯರೂ ಬಂತು. ಇಟ್ಟಿಗೆಯಷ್ಟು ಭಾರ, ನೆತ್ತಿಯ ಮೇಲೆ ಮಿಣಿಮಿಣಿ ಎನ್ನುವ ಎರಡು ಗಾಜಿನ ಬುರುಡೆ. ಆ ಭಾನುವಾರ ನಾನು ಗೋಡೆಯ ಈಚೆ ಒಂದು ಸಭಾಂಗಣದ ವೇದಿಕೆಗೆ ಮಖಮಲ್ ಪರದೆ ಹೊಲಿಯುತ್ತಿದ್ದೆ. ಗೋಡೆಯ ಆಚೆ ನಡುಮನೆಯಲ್ಲಿ ಡಾಕ್ಟರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು.

"ಅಬ್ಬಾ! ಬೇಸ್ ಕಿವಿಗಲ್ಲ ಸಾರ್, ಬೆನ್ನುಮೂಳೆಗೇ ಬರ್ತಿದೆ!"

"ಕಾಲ ಕೆಳಗಿಂದ ಏಳತ್ತೆ, ಗಮನಿಸಿದ್ರಾ?" ಎಂದರು ಇವರು, ಮಗು ಹೆತ್ತವರ ಹಾಗೆ.

ನೀಲಿ ಪುಸ್ತಕದಲ್ಲಿ ಒಂಬತ್ತೂವರೆ ಬಿತ್ತು. ಅಲ್ಲಿಯವರೆಗೆ ಯಾವುದಕ್ಕೂ ಎಂಟು ದಾಟಿರಲಿಲ್ಲ. ಮುಂದಿನ ಭಾನುವಾರ ಇಡೀ ಬಳಗ ಬಂದು ಕೇಳುವುದು, ಏಳೂ ಜನ ಒಪ್ಪಿದರೆ ಇವರನ್ನು ಬೇಸ್ ವಿಭಾಗದ ಮುಖ್ಯಸ್ಥರನ್ನಾಗಿ ಮಾಡುವುದು ಎಂದು ತೀರ್ಮಾನವಾಯಿತು. ಏಳು ಜನರ ಬಳಗದಲ್ಲಿ ಎಷ್ಟು ವಿಭಾಗಗಳಿವೆ ಎಂದು ನಾನು ಕೇಳಲು ಹೋಗಲಿಲ್ಲ.

ಸೋಮವಾರ ಇವರು ಟೀ ಲೋಟ ಹಿಡಿದು ನನ್ನ ಬಾಗಿಲಿಗೆ ಬಂದರು.

"ನೋಡೇ, ಆ ಹೆಡ್‌ಫೋನಿಗೆ ಹಿಂದೆ ಜಾಲರಿ ಇದೆ. ಹೊರಗಿನ ಸದ್ದೆಲ್ಲ ಒಳಗೆ ಬರತ್ತೆ. ನಿನ್ನ ಗಡಗಡ ಕೆಳಗಿನ ಶೆಡ್ಡಿಗೆ ಹೋಗ್ಲಿ."

"ಒಂದು ಭಾನುವಾರಕ್ಕೆ ತಾನೇ? ಅವತ್ತು ನಾನು ಹೊಲಿಯೋದೇ ಇಲ್ಲ, ಬಿಡಿ."

"ಹಾಗಲ್ಲ. ಈ ಕೋಣೆ ಬಳಗಕ್ಕೆ ಬೇಕಾಗತ್ತೆ. ಇನ್ಮೇಲೆ ಶೆಡ್ಡಲ್ಲೇ ಇರ್ಲಿ ಅಂತ."

"ಅಲ್ಲಿ ಕಿಟಕಿಯೇ ಇಲ್ವಲ್ರೀ!"

"ಲೈಟ್ ಹಾಕಿಸೋಣ ಬಿಡೇ."

ನನಗೆ ಮೈಯೆಲ್ಲ ಉರಿದುಹೋಯಿತು. ಗುರುವಾರ ಇವರು ಇಬ್ಬರು ಆಳುಗಳನ್ನು ಕರೆತಂದು ಮಿಷನ್ ಇಳಿಸಿಯೇ ಬಿಟ್ಟರು. ಇಪ್ಪತ್ತೆರಡು ವರ್ಷ ಅದು ನಿಂತಿದ್ದ ಕಡೆ ಹಲಗೆಯ ಮೇಲೆ ನಾಲ್ಕು ಗುಳಿ ಉಳಿದಿದ್ದವು. ಅವನ್ನು ನೋಡಿ ಒಬ್ಬಳೇ ನಿಂತು ಅತ್ತುಬಿಟ್ಟೆ. ಆಮೇಲೆ ಕೆಳಗಿಳಿದು ಹಳೆ ಬಕೆಟ್ಟು, ಮುರಿದ ಏಣಿಗಳ ನಡುವೆ ಕೂತು ಮಖಮಲ್ಲಿಗೆ ಅಂಚು ಕಟ್ಟಿದೆ. ಎರಡು ಸಲ ಹೊಲಿಗೆ ಸೊಟ್ಟಗಾಯಿತು.

ಭಾನುವಾರ ಬಳಗ ಬಂತು. ಮೊದಲು ಡಾಕ್ಟರೇ ಕೂತರು. ಕಣ್ಣು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು.

"ಸಾರ್... ಬೇಸ್ ಎಲ್ಲಿ?"

ಕೇಬಲ್ ಬದಲಾಯಿಸಿದರು, ಬುರುಡೆಗಳನ್ನು ಅದಲುಬದಲು ಮಾಡಿದರು. ಒಬ್ಬರು ಹವೆಯಲ್ಲಿ ತೇವ ಜಾಸ್ತಿ ಎಂದರು, ಇನ್ನೊಬ್ಬರು ಕನ್ನಡಕದ ಕಡ್ಡಿಯಿಂದ ಬೇಸ್ ಸೋರುತ್ತಿದೆ ಎಂದರು. ಇವರು ಕನ್ನಡಕ ತೆಗೆದಿಟ್ಟು, ಕಣ್ಣು ಕಾಣದೆ ತಪ್ಪು ಗುಂಡಿ ತಿರುಗಿಸಿ, ಆ ಸದ್ದಿಗೆ ತಾವೇ ಬೆಚ್ಚಿಬಿದ್ದರು. ಕೊನೆಗೆ ಏಳು ಜನರ ಸರಾಸರಿ ನಾಲ್ಕು ಅಂಕ. ಮುಖ್ಯಸ್ಥರ ಮಾತು ಯಾರೂ ಎತ್ತಲಿಲ್ಲ. ಮುಂದಿನ ಭಾನುವಾರ ಇನ್ನೊಂದು ಸಲ ನೋಡೋಣ ಎಂದು ಟೀ ಕುಡಿದು ಹೊರಟರು.

ಮಾರನೆಯ ದಿನ ನಮ್ಮತ್ತೆ ಅದೇ ಮಹಡಿಯ ತಮ್ಮ ಕೋಣೆಯಿಂದ ನನ್ನನ್ನು ಕೂಗಿದರು. ಅವರಿಗೆ ಕಿವಿ ಮಂದ. ಶ್ರವಣಯಂತ್ರ ಕೊಡಿಸಿದ್ದೇವೆ, ಅದನ್ನು ಡಬ್ಬಿಯಲ್ಲಿ ಭದ್ರವಾಗಿ ಇಟ್ಟಿದ್ದಾರೆ.

"ಏನೇ, ನಿನ್ನ ಮಿಷನ್ ಕೆಟ್ಟಿದ್ಯಾ? ನಾಲ್ಕು ದಿನದಿಂದ ನನ್ನ ಮಂಚ ಅಲ್ಲಾಡ್ತಾನೇ ಇಲ್ಲ. ಮಧ್ಯಾಹ್ನ ನಿದ್ದೆಯೇ ಹತ್ತಲ್ಲ ನಂಗೆ."

ನಾನು ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ. ನಗು ತಡೆಯಲಾಗಲಿಲ್ಲ. ಅತ್ತೆ ಏನೂ ಅರ್ಥವಾಗದೆ ತಾವೂ ನಕ್ಕರು.

ಸಂಜೆ ಇವರು ಬಂದಾಗ ಹೇಳಿದೆ: "ಮಿಷನ್ ಮೇಲೆ ತಂದಿಡಿ. ನಿಮ್ಮ ಬೇಸೂ ಅದರ ಹಿಂದೇನೇ ಬರತ್ತೆ."

"ತಲೆಹರಟೆ ಮಾಡ್ಬೇಡ," ಎಂದರು. ಮೂರು ದಿನ ಮೂರು ಬಗೆಯ ಕೇಬಲ್ ಹಾಕಿ ನೋಡಿದರು. ಶುಕ್ರವಾರ ತಾವಾಗಿಯೇ ಆಳುಗಳನ್ನು ಕರೆಸಿದರು. ಮಿಷನ್ ತನ್ನ ನಾಲ್ಕು ಗುಳಿಗಳಲ್ಲಿ ಹೋಗಿ ಕೂತಿತು.

ಇವರನ್ನು ಡಾಕ್ಟರು ಕೂತಿದ್ದ ಕುರ್ಚಿಯಲ್ಲೇ ಕೂರಿಸಿ, ಹೆಡ್‌ಫೋನ್ ಹಾಕಿ, "ಕಣ್ಣು ಮುಚ್ಚಿ, ನಾನು ಹೇಳೋವರೆಗೂ ತೆಗೀಬೇಡಿ," ಎಂದೆ. ಆಂಪ್ಲಿಫೈಯರಿನ ಪ್ಲಗ್ ಕಿತ್ತು ಇವರ ತೊಡೆಯ ಮೇಲೆ ಮೆಲ್ಲಗೆ ಇಟ್ಟೆ. ಈಚೆಗೆ ಬಂದು ಮಖಮಲ್ಲನ್ನು ಎರಡು ಮಡಿಕೆ ಮಾಡಿ ಮಿಷನ್ ಒತ್ತಿದೆ.

"ಆಹಾ! ಬಂತು ಕಣೇ, ಬಂತು!" ಆಚೆಯಿಂದ ಕೂಗು. "ಹಾಡು ಇನ್ನೂ ಶುರುವಾಗಿಲ್ಲ, ಬೇಸ್ ಮಾತ್ರ ಆಗ್ಲೇ... ಎಂಥಾ ಆಳ! ಒಂಬತ್ತೂವರೆಗೆ ಮೋಸವಿಲ್ಲ!"

"ಈಗ ಕಣ್ಣು ತೆಗೀರಿ."

ಎದ್ದು ಹೋಗಿ ನೋಡಿದರೆ ಪ್ಲಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಅಂಗಡಿಯಲ್ಲಿ ಆಡುವ ದನಿಯಲ್ಲಿ ಹೇಳಿದರು: "ತೂಕಕ್ಕೆ ಮುಂಚೆ ಖಾಲಿ ತಟ್ಟೆ ಸೊನ್ನೆ ತೋರಿಸ್ತಿದ್ಯಾ ಅಂತ ನೋಡ್ಬೇಕಿತ್ತು. ದಿನಾ ಊರಿಗೆಲ್ಲ ಹೇಳ್ತೀನಿ."

ಪಾಪ ಎನ್ನಿಸಿತು. ಆದರೆ ಪಾಪ ಎಂದುಕೊಂಡು ಕೋಣೆ ಬಿಟ್ಟುಕೊಡುವವಳಲ್ಲ ನಾನು.

ಇವರು ಗಂಟಲು ಸರಿಮಾಡಿಕೊಂಡರು. "ನಾಡಿದ್ದು ಬಳಗ ಬರತ್ತೆ. ನಾಲ್ಕು ಗಂಟೆಗೆ... ಏನಾದ್ರೂ ದಪ್ಪದ್ದು ಹೊಲೀತೀಯಾ?"

"ಹೊಲೀತೀನಿ. ಮಿಷನ್ ಇನ್ನು ಇಲ್ಲಿಂದ ಅಲ್ಲಾಡಲ್ಲ. ಮತ್ತೆ ಆ ಪುಸ್ತಕದಲ್ಲಿ ಇದ್ದದ್ದನ್ನ ಇದ್ದ ಹಾಗೆ ಬರೀಬೇಕು."

ಭಾನುವಾರ ಏಳು ಜನ ಒಬ್ಬೊಬ್ಬರಾಗಿ ಕೂತು ಬೆನ್ನುಮೂಳೆ ಹಿಡಿದುಕೊಂಡರು. ಅತ್ತೆಯ ಕೋಣೆಯಿಂದ ಗೊರಕೆ ಕೇಳುತ್ತಿತ್ತು. ಎಲ್ಲರೂ ಹೋದ ಮೇಲೆ ನೀಲಿ ಪುಸ್ತಕ ತೆರೆದು ನೋಡಿದೆ. ಹೆಡ್‌ಫೋನಿನ ಹೆಸರು, ಆಂಪ್ಲಿಫೈಯರಿನ ಹೆಸರು, ಅವುಗಳ ಮುಂದೆ ನಾಲ್ಕು. ಅದರ ಕೆಳಗೆ, ಮುದ್ರೆ ಒತ್ತುವ ಕೈಯ ದುಂಡಗಿನ ಅಕ್ಷರದಲ್ಲಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸಕ್ಕೆ ಇವರು ಕೊಟ್ಟ ಅಂಕ: "ಮಖಮಲ್, ಎರಡು ಮಡಿಕೆ, ಹದಿನೆಂಟನೇ ನಂಬರ್ ಸೂಜಿ: ಒಂಬತ್ತೂವರೆ."