ಸಡಿಲ ಪಟ್ಟಿ

ಬೆಳಿಗ್ಗೆ ಹತ್ತು ಇಪ್ಪತ್ತು. ಬನಹಟ್ಟಿಯ ಮನೆಯಲ್ಲಿ ಮಗ್ಗ ನಿಂತಿತ್ತು.

ಪೂರ್ಣಿಮಾ ಹೊಸ್ತಿಲಲ್ಲೇ ನಿಂತಳು. ಅಪ್ಪ ಧರೆಪ್ಪ ಮಗ್ಗದ ಕೆಳಗೆ ಮಲಗಿದ್ದ. ಕಾಲುಗಳು ಮಾತ್ರ ಕಾಣುತ್ತಿದ್ದವು.

“ಬಂದೇನ್ ಯವ್ವಾ? ಆತು, ಒಂದ ಬೋಲ್ಟ್ ಉಳದೈತಿ.”

“ಏನ್ ಮಾಡಾಕತ್ತೀಯಪ್ಪಾ?”

“ನಿನ್ನ ಮೊಬೈಲ್‌ನ್ಯಾಗ ಮುದಿ ಎತ್ತಿನ ಗಾಡಿ ಹಂಗ ಕೇಳಬಾರದಲ್ಲ!”

ಅವ್ವ ಒಳಗಿನಿಂದಲೇ ನಕ್ಕಳು. “ನಸುಕಿನ್ಯಾಗ ಎದ್ದಾನ. ಲಗ್ನದ ಫೋಟೋಕ್ಕೂ ಇಷ್ಟ ತಯಾರಾಗಿದ್ದಿಲ್ಲ ನಿಮ್ಮಪ್ಪ.”

ಜಮಖಂಡಿಯ ಕಾಲೇಜೊಂದರಲ್ಲಿ ಪೂರ್ಣಿಮಾ ಅತಿಥಿ ಉಪನ್ಯಾಸಕಿ. ಊರ ಹೊರಗಿನ ಹೊಸ ಬಾಡಿಗೆ ಕೋಣೆ, ನಿಶ್ಶಬ್ದ. ಮೂರು ವಾರದಿಂದ ನಿದ್ದೆಯಿಲ್ಲ. ಉತ್ತರಪತ್ರಿಕೆಗಳ ಅಂಕ ಕೂಡುವಾಗ ಎರಡು ಸಲ ತಪ್ಪಿದ್ದಳು. ಮೂರನೆಯ ಸಲ ತಪ್ಪಿದರೆ ಕೆಲಸವಿಲ್ಲವೆಂದು ಪ್ರಾಚಾರ್ಯರು ಹೇಳಿದ್ದರು. ನಿದ್ದೆ ಬರಲೆಂದು ಮೊಬೈಲಿನಲ್ಲಿ ಎಂಟು ಗಂಟೆ ಸುರಿಯುವ ಮಳೆಯ ಸದ್ದು ಹಾಕಿ ನೋಡಿದಳು. ಅಂಥ ಮಳೆ ಅವಳು ಕಂಡದ್ದೇ ಇಲ್ಲ. ನಿಜವಾದ ಮಳೆಯೆಂದು ಎದ್ದು ಕಿಟಕಿ ಮುಚ್ಚಿದಳು.

ಚಿಕ್ಕಂದಿನಿಂದ ಅವಳು ಮಲಗಿದ್ದು, ಓದಿದ್ದು ಎಲ್ಲ ಈ ಮಗ್ಗದ ಗೋಡೆಗೆ ಒರಗಿ. ಅದರ ಖಟಖಟದ ನಡುವೆ ಸಡಿಲವಾದ ಕಬ್ಬಿಣದ ಪಟ್ಟಿಯೊಂದು ಆಗಾಗ, ಲೆಕ್ಕ ತಪ್ಪಿ, ಠಣ್ ಎನ್ನುತ್ತಿತ್ತು. ಆ ಸದ್ದಿದ್ದರೆ ನಿದ್ದೆ ಬಂದೀತೆಂದು ಅದನ್ನು ರೆಕಾರ್ಡ್ ಮಾಡಿಕೊಳ್ಳಲು ಬಂದಿದ್ದಳು. ‘ನಿದ್ದಿ ಬರವಲ್ದು, ಮಗ್ಗದ ಸಪ್ಪಳ ಬೇಕು’ ಎಂದಷ್ಟೇ ಫೋನಿನಲ್ಲಿ ಹೇಳಿದ್ದಳು.

ಧರೆಪ್ಪ ಕೈ ಒರೆಸಿಕೊಂಡು ಗುಂಡಿ ಒತ್ತಿದ. ಮಗ್ಗ ನುಣ್ಣಗೆ ಓಡಿತು. ಠಣ್ ಇರಲಿಲ್ಲ.

“ಹೆಂಗೈತಿ?”

“ಛಲೋ ಐತಪ್ಪಾ.”

ನಲವತ್ತು ನಿಮಿಷ ರೆಕಾರ್ಡ್ ಮಾಡಿದಳು. ಧರೆಪ್ಪ ಅಷ್ಟೂ ಹೊತ್ತು ಉಸಿರು ಬಿಗಿಹಿಡಿದವನಂತೆ ನಿಂತಿದ್ದ. ಕೆಮ್ಮು ಬಂದಾಗ ಬೀದಿಗೆ ಹೋಗಿ ಕೆಮ್ಮಿ ಬಂದ.

ಹಿಂದಿನ ಕೋಣೆಯಲ್ಲಿ ಇನ್ನೊಂದು ಮಗ್ಗವಿತ್ತು. ಅದೂ ಠಣ್ ಎನ್ನುತ್ತಿತ್ತು. ನೂಲಿಲ್ಲದೆ ನಿಂತಿತ್ತು, ನೂಲು ಬರುವುದು ಶನಿವಾರ. ಅದನ್ನೂ ಓಡಿಸೆಂದು ಈಗಲೇ ಕೇಳಿದರೆ ಇದರಲ್ಲಿ ಏನು ಕಡಿಮೆಯೆಂದು ಹೇಳಬೇಕಾಗುತ್ತಿತ್ತು. ಮುಂದಿನ ಭಾನುವಾರ ಬಂದು, ಹೇಳದೆ ಕೇಳದೆ ರೆಕಾರ್ಡ್ ಮಾಡಿಕೊಂಡರಾಯಿತು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಏಳಕ್ಕೆ, ಜಮಖಂಡಿಯ ಕೋಣೆಯಲ್ಲಿದ್ದಾಗ, ಅಪ್ಪನ ಫೋನು.

“ನಿದ್ದಿ ಬಂತೇನ್ ಪೂರ್ಣೀ?”

ರೆಕಾರ್ಡ್ ಹಾಕಿಕೊಂಡರೂ ಅವಳು ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. “ಭಾಳ ಛಲೋ ಬಂತಪ್ಪಾ. ಈಗ ಎದ್ದೆ.”

“ಖರೇನ?” ಎಂದ ಧರೆಪ್ಪ. ಮೂಗು ಎಳೆದುಕೊಂಡ ಸದ್ದು ಕೇಳಿತು.

ಹನ್ನೊಂದಕ್ಕೆ ಅವ್ವನ ಧ್ವನಿ ಸಂದೇಶ ಬಂತು. “ನಿಮ್ಮಪ್ಪಗ ಹುಚ್ಚ ಹಿಡದೈತಿ ನೋಡ. ಹಿಂದಿನ ಮಗ್ಗಾನೂ ನಿನಗಂತ ತಯಾರ ಮಾಡಾಕತ್ತಾನ.”

ಜೊತೆಗೆ ಒಂದು ಫೋಟೊ. ಮಗ್ಗವನ್ನು ಪೂರ್ತಿ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ಭಾಗಗಳನ್ನೆಲ್ಲ ಹಳೆಯ ಪತ್ರಿಕೆಗಳ ಮೇಲೆ ಸಾಲಾಗಿ ಮಲಗಿಸಲಾಗಿತ್ತು.